ಕಾಶಿಯಲ್ಲಿ ಬಿಟ್ಟು ಬಂದದ್ದು

ಪಂಕ್ತಿಯಲ್ಲಿ ಹೋಳಿಗೆಯ ಬುಟ್ಟಿ ಹತ್ತಿರ ಬಂದ ಕೂಡಲೇ ನಮ್ಮ ಅತ್ತೆಯ ಎಡಗೈ ಎಲೆಯ ಮೇಲೆ ಬೋರಲಾಗುತ್ತಿತ್ತು. ಮುಂಗೈ ತುಂಬ ಹಸಿರು ಹಚ್ಚೆ, ಚಿಕ್ಕಂದಿನಲ್ಲಿ ಹಾಕಿಸಿಕೊಂಡದ್ದು. ಚರ್ಮ ಸುಕ್ಕುಗಟ್ಟಿದ ಹಾಗೆ ಅದರಲ್ಲಿದ್ದ ತುಳಸಿಕಟ್ಟೆ ಒಂದು ಕಡೆ ವಾಲಿಕೊಂಡಿತ್ತು. ಬೆರಳುಗಳು ಗಿಡ್ಡ, ರೊಟ್ಟಿ ಬಡಿದು ಬಡಿದು ತುದಿ ಚಪ್ಪಟೆಯಾದವು. ಆ ಕೈ ಬಿತ್ತೆಂದರೆ ಬಡಿಸುವವರು ಎಂಥ ಗಟ್ಟಿಗರಿದ್ದರೂ ಮುಂದಿನ ಎಲೆಗೆ ಹೋಗಬೇಕಾಗುತ್ತಿತ್ತು. ಅತ್ತೆ ಹೇಳುತ್ತಿದ್ದುದು ಒಂದೇ ಮಾತು: "ಕಾಶ್ಯಾಗ ಬಿಟ್ಟೇನ್ರಿ."

ನಮ್ಮ ಕಡೆ ಊಟಕ್ಕೆ ಕುಳಿತವರನ್ನು ಬೇಡ ಅಂದ ಮಾತಿಗೆ ಬಿಟ್ಟುಬಿಟ್ಟರೆ ಅದು ಬಡಿಸಿದ ಲೆಕ್ಕಕ್ಕೇ ಬರುವುದಿಲ್ಲ. ಒಂದ ತಿಂದ್ರ ಏನಾಗತೈತಿ ಅನ್ನುತ್ತಾರೆ. ನಮ್ಮ ಮನಿ ಹೋಳಿಗಿ ಸೇರಲಿಲ್ಲೇನು ಅನ್ನುತ್ತಾರೆ. ಡಾಕ್ಟರು ಬೇಡ ಎಂದಿದ್ದಾರೆ ಎಂದರೆ, ಡಾಕ್ಟರ ಏನ ಇಲ್ಲಿ ಬಂದು ನೋಡ್ತಾನೇನು ಎಂದು ನಕ್ಕು ಎರಡು ಹಾಕಿ ಹೋಗುತ್ತಾರೆ. ಕಾಶಿ ಎಂದರೆ ಮಾತ್ರ ಬಡಿಸುವ ಕೈ ಹಿಂದಕ್ಕೆ ಹೋಗುತ್ತದೆ. ಕಾಶಿಗೆ ಹೋದವರು ಗಂಗೆಯಲ್ಲಿ ನಿಂತು ತಮಗೆ ಪ್ರೀತಿಯಾದದ್ದೊಂದನ್ನು ದೇವರಿಗೆ ಬಿಡಬೇಕು, ಬಿಟ್ಟದ್ದನ್ನು ಸಾಯುವತನಕ ಮುಟ್ಟಬಾರದು. ಅದನ್ನು ಮುರಿಸಿದವರಿಗೂ ಪಾಪ ಸುತ್ತಿಕೊಳ್ಳುತ್ತದೆ.

ಹಾಗೆಂದು ಎಲ್ಲರೂ ಪ್ರೀತಿಯಾದದ್ದನ್ನೇ ಬಿಡುತ್ತಾರೆ ಎಂದೇನಿಲ್ಲ. ಹಾಗಲಕಾಯಿ ಬಿಟ್ಟು ಬಂದವರು ನಮ್ಮ ಬಳಗದಲ್ಲೇ ಬೇಕಾದಷ್ಟು ಇದ್ದಾರೆ. ಒಬ್ಬ ಕಾಕಾ ಸೇಬುಹಣ್ಣು ಬಿಟ್ಟು ಬಂದ. ಅವನ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಅಂಥವರ ನಡುವೆ ನಮ್ಮ ಅತ್ತೆ ಸಿಹಿ ಅನ್ನುವುದನ್ನೇ ಬಿಟ್ಟು ಬಂದವರು. ತಮ್ಮೂರು ಹೆಬ್ಬಳ್ಳಿಯಲ್ಲಿ ಶೇಂಗಾ ಹೋಳಿಗೆ ಮಾಡಿದರೆ ಇವರ ಕೈಯದೇ ಆಗಬೇಕು ಎನ್ನುತ್ತಿದ್ದ ಕಾಲದಲ್ಲಿ, ತಿನ್ನುವುದರಲ್ಲೂ ಇವರೇ ಮುಂದು ಎನ್ನಿಸಿಕೊಂಡಿದ್ದ ಹೆಂಗಸು ಹೀಗೆ ಮಾಡಿದ್ದಕ್ಕೆ ಬಳಗದಲ್ಲಿ ಅವರಿಗೆ ಬೇರೆಯೇ ಮರ್ಯಾದೆ ಇತ್ತು. ನಾನೂ ಬಹಳ ದಿನ ಅದನ್ನು ನಂಬಿದ್ದೆ.

ಮಾವನವರು ತೀರಿಕೊಂಡ ಮೇಲೆ ಹೆಬ್ಬಳ್ಳಿಯ ಹೊಲವನ್ನು ಪಾಲಿಗೆ ಕೊಟ್ಟು ಅತ್ತೆ ರಾಯಾಪುರದಲ್ಲಿ ನಮ್ಮ ಮನೆಗೆ ಬಂದು ಉಳಿದರು. ನಮ್ಮ ಯಜಮಾನರು ಹುಬ್ಬಳ್ಳಿಯಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ನಾನು ಧಾರವಾಡದ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಒಬ್ಬಳೇ ಮಗಳು, ಕಾಲೇಜಿಗೆ ಹೋಗುತ್ತಾಳೆ. ಮನೆಯಲ್ಲಿ ಅತ್ತೆಯ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ರೊಟ್ಟಿ ದಪ್ಪಗಾದರೆ, "ಇದನ್ನ ಹಾಸ್ಕೊಂಡ ಮಲಗಬಹುದವಾ" ಎನ್ನುತ್ತಿದ್ದರು. ಮನೆಯ ಮಾತು ಹೊರಗೆ ಹೋಯಿತೆಂದರೆ ಮಾತ್ರ ನಿಜವಾಗಿ ಸಿಟ್ಟಾಗುತ್ತಿದ್ದರು. "ಬಾಯಿ ಬಿಟ್ಟರ ಬಣ್ಣಗೇಡು" ಎಂಬುದು ದಿನಕ್ಕೊಮ್ಮೆಯಾದರೂ ಅವರ ಬಾಯಲ್ಲಿ ಬರುತ್ತಿತ್ತು.

ಅವರ ಕೆಲವು ರೂಢಿಗಳು ನನಗೆ ವಿಚಿತ್ರ ಎನಿಸುತ್ತಿದ್ದವು. ಬೆಳಗ್ಗೆ ಎದ್ದವರೇ ನೆನೆಸಿಟ್ಟ ಮೆಂತ್ಯದ ನೀರು ಕುಡಿಯುತ್ತಿದ್ದರು, ಉಷ್ಣಕ್ಕೆ ಎಂದು. ಅನ್ನ ಎಂದರೆ ಒಂದು ಹಿಡಿ. ರಾತ್ರಿ ಊಟವಾದ ಮೇಲೆ ಗೇಟಿನಿಂದ ತುಳಸಿಕಟ್ಟೆಗೆ, ತುಳಸಿಕಟ್ಟೆಯಿಂದ ಗೇಟಿಗೆ ಅಡ್ಡಾಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ದಿನಾಲು ಹೊತ್ತೇರುವ ಮುಂಚೆ ಬಿಸಿಲಿಗೆ ಕುಳಿತು ಹಳೆಯ ಕುಂಕುಮ ಭರಣಿಯ ಕನ್ನಡಿಯನ್ನು ಅಂಗಾಲ ಕೆಳಗೆ ಹಿಡಿದು ನೋಡಿಕೊಳ್ಳುತ್ತಿದ್ದರು. ಯಾಕ್ರಿ ಎಂದು ಕೇಳಿದರೆ, "ಮಾರಿ ನೋಡ್ಕೊಳ್ಳೂ ವಯಸ್ಸ ಮುಗೀತವಾ, ಈಗ ಕಾಲ ನೋಡ್ಕೋಬೇಕು" ಎಂದರು. ಹೀರೇಕಾಯಿ ಮುಟ್ಟುತ್ತಿರಲಿಲ್ಲ, ವಾತ ಎನ್ನುತ್ತಿದ್ದರು. ಆದರೆ ಗುರೆಳ್ಳು ಪುಡಿ ಹಾಕಿದ ಅವರ ಹೀರೇಕಾಯಿ ಪಲ್ಯದಂಥದು ನಾನು ಬೇರೆಲ್ಲೂ ತಿಂದಿಲ್ಲ. ರುಚಿ ನೋಡದೆಯೇ ಮಾಡಿ ಇಡುತ್ತಿದ್ದರು.

ಇನ್ನು ನನ್ನ ವಿಷಯ. ಹೇಳಿಕೊಳ್ಳಲು ಈಗಲೂ ಮುಜುಗರವಾಗುತ್ತದೆ. ನಲವತ್ತು ದಾಟಿದ ವರ್ಷ ನನಗೆ ವಿಪರೀತ ನೀರಡಿಕೆ ಶುರುವಾಯಿತು. ಒಂದು ಪಾಠ ಮುಗಿಯುವುದರೊಳಗೆ ಹೊರಗೆ ಹೋಗಿ ಬರಬೇಕಾಗುತ್ತಿತ್ತು. ನಾನು ಸೀಮೆಸುಣ್ಣ ಕೆಳಗಿಟ್ಟ ಕೂಡಲೇ ಹಿಂದಿನ ಸಾಲಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಜೊತೆಯ ಶಿಕ್ಷಕಿಯೊಬ್ಬರು ಸಿಹಿಸುದ್ದಿಯೇನ್ರಿ ಎಂದು ಚೇಷ್ಟೆ ಮಾಡಿದರು. ಕೊನೆಗೆ ಯಾರಿಗೂ ಹೇಳದೆ ಧಾರವಾಡದ ಒಬ್ಬ ಡಾಕ್ಟರ ಹತ್ತಿರ ಹೋದೆ. ರಕ್ತದ ವರದಿ ನೋಡಿ ಅವರು, ಬಾಗಿಲಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದಾಗಲೇ ಕೇಳಿದರು: "ಸಿಹಿ ಭಾಳ ತಿಂತೀರೇನು ಟೀಚರ?"

ಅವರು ಸಹಜವಾಗಿಯೇ ಕೇಳಿದ್ದು. ನನಗೆ ಮಾತ್ರ ಸಿಕ್ಕಿಬಿದ್ದಂತಾಯಿತು. ಏಕೆಂದರೆ ಶಾಲೆ ಬಿಟ್ಟ ಮೇಲೆ ನಾನು ಪೇಢೆ ಕೊಂಡು ಬಸ್ಸು ಹತ್ತುತ್ತಿದ್ದೆ. ಮನೆಗೆಂದು ಕೊಳ್ಳುತ್ತಿದ್ದೆನಾದರೂ ಅದು ಮನೆ ಮುಟ್ಟುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಒಂದೊಂದೇ ತಿಂದು, ಖಾಲಿ ಡಬ್ಬಿಯನ್ನು ದಾರಿಯಲ್ಲೇ ಒಗೆದು, ಸೆರಗಿನಿಂದ ಬಾಯೊರೆಸಿಕೊಂಡು ರಾಯಾಪುರದಲ್ಲಿ ಇಳಿಯುತ್ತಿದ್ದೆ. ಮನೆತನದಿಂದಲೂ ಬರುತ್ತದೆ, ಮೈ ತೂಕದಿಂದಲೂ ಬರುತ್ತದೆ, ಬರೀ ಸಿಹಿ ತಿಂದದ್ದರಿಂದಲೇ ಅಲ್ಲ ಎಂದು ಡಾಕ್ಟರು ಸಮಾಧಾನವಾಗಿ ಹೇಳಿದರು. ನನ್ನ ಕಿವಿಗೆ ಅದು ಇಳಿಯಲಿಲ್ಲ. ಬೇರೆಯವರಿಗೆ ರೋಗ ಬರುತ್ತದೆ, ನಾನು ಮಾತ್ರ ತಿಂದು ತಂದುಕೊಂಡೆ ಎಂದೇ ಅನಿಸಿತು.

ಯಜಮಾನರಿಗೆ ಹೇಳಿದೆ. ಅವರು ಬೈಯಲಿಲ್ಲ. "ಅಕ್ಕಗ ಗೊತ್ತಾಗೂದು ಬ್ಯಾಡ. ಊರೆಲ್ಲಾ ಆಕ್ಕೈತಿ. ನಾಳೆ ಹುಡುಗಿಗೆ ವರಾ ನೋಡೂ ಮುಂದ ತಾಯಿಗೆ ಶುಗರ್ ಐತಿ ಅಂತ ಮಾತ ಬರ್ತೈತಿ" ಎಂದರು. ಆಮೇಲೆ, "ಅವ್ವಗೂ ಬ್ಯಾಡ" ಎಂದರು. ಅಕ್ಕ ಎಂದರೆ ಅವರ ಅಕ್ಕ, ನನ್ನ ನಾದಿನಿ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಮನೆ. ಕೈ ಎಷ್ಟು ದೊಡ್ಡದೋ ಬಾಯಿಯೂ ಅಷ್ಟೇ ದೊಡ್ಡದು. ನಾನು ಗುಳಿಗೆಗಳನ್ನು ತೊಗರಿಬೇಳೆಯ ಡಬ್ಬಿಯಲ್ಲಿ ಹುಗಿದಿಟ್ಟೆ. ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ, ಕದ್ದು ತಿನ್ನುವವಳ ಹಾಗೆ ನುಂಗುತ್ತಿದ್ದೆ. ಪೇಢೆಯನ್ನು ಹಾಗೆ ತಿಂದವಳು ಗುಳಿಗೆಯನ್ನೂ ಹಾಗೇ ತಿನ್ನುವ ಹಾಗಾಯಿತು.

ಆ ವರ್ಷದ ಪಂಚಮಿಗೆ ನಾದಿನಿ ಉಂಡಿಯ ಡಬ್ಬಿ ಹೊತ್ತು ಬಂದರು. ನಾಗಪಂಚಮಿ ಎಂದರೆ ನಮ್ಮಲ್ಲಿ ಉಂಡಿಯ ಹಬ್ಬ; ಮನೆಮನೆಗೆ ಉಂಡಿ ಹೋಗುತ್ತವೆ, ಮನೆಮನೆಯಿಂದ ಬರುತ್ತವೆ. ಅತ್ತೆಯ ಮುಂದೆ ಡಬ್ಬಿ ತೆರೆದಾಗ ಅವರ ಅಂಗೈ ಎಂದಿನಂತೆ ಎದ್ದಿತು. ನನಗೆ ಹಾಗೆ ಎತ್ತಲು ಕಾಶಿ ಇರಲಿಲ್ಲ. "ನಾ ಮಾಡಿದ್ದು, ತಿನ್ನಂಗಿಲ್ಲೇನು?" ಎಂದು ನಾದಿನಿ ತಾವೇ ಶೇಂಗಾ ಉಂಡಿ ನನ್ನ ಬಾಯಿಗಿಟ್ಟರು. ಅದು ಮುಗಿಯುವುದರೊಳಗೆ ರವೆ ಉಂಡಿ, ಅದಾದ ಮೇಲೆ ಎಳ್ಳುಂಡಿ. ನಾನು ಎಲ್ಲ ತಿಂದೆ. ಅವರು ಖುಷಿಯಿಂದ ನನ್ನ ಬೆನ್ನು ಚಪ್ಪರಿಸಿ ಹೋದರು.

ಅಷ್ಟೇ ಆಗಿದ್ದರೆ ಒತ್ತಾಯಕ್ಕೆ ತಿಂದೆ ಎಂದು ಹೇಳಬಹುದಿತ್ತು. ಅವರು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಡಬ್ಬಿ ತೆರೆದು ಇನ್ನೊಂದು ತಿಂದೆ. ಅದನ್ನು ತಿನ್ನು ಎಂದು ಯಾರೂ ಹೇಳಿರಲಿಲ್ಲ. ಬಾಯಲ್ಲಿ ಉಂಡಿ ಇದ್ದಾಗಲೇ ತಿರುಗಿ ನೋಡಿದೆ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಬೈಗುಳ ಬರುತ್ತದೆ ಎಂದುಕೊಂಡೆ. ಅವರು ಒಳಗೆ ಬಂದು ಗೋಡೆಗೆ ಒರಗಿ ಕುಳಿತು, ಸೊಂಟದಿಂದ ಅಡಿಕೆ-ಎಲೆಯ ಸಂಚಿ ತೆಗೆದರು. ಬಟ್ಟೆಯ ಸಂಚಿ, ಒಳಗೆ ನಾಲ್ಕಾರು ಕಿಸೆ. ಸುಣ್ಣದ ಡಬ್ಬಿಯ ಹಿಂದಿನ ಕಿಸೆಯಿಂದ ಗುಳಿಗೆಯ ಹಾಳೆಯೊಂದನ್ನು ಎಳೆದು ನನ್ನ ಮುಂದೆ ಇಟ್ಟರು. ನನಗೆ ಬರೆದುಕೊಟ್ಟದ್ದೂ ಅದೇ ಗುಳಿಗೆ.

"ನಿನ್ನವು ಬ್ಯಾಳಿ ಡಬ್ಬ್ಯಾಗ ಅದಾವ. ನನ್ನವು ಇಲ್ಲಿ ಅದಾವ" ಎಂದರು. "ಬ್ಯಾಳಿ ಡಬ್ಬಿ ನಾನೂ ತೆರೀತೇನಿ ಅನ್ನೂದು ಗೊತ್ತಾಗಲಿಲ್ಲೇನ ನಿನಗ?"

ನಾನು ಅಳತೊಡಗಿದೆ. ಅವರು ಅಳಬೇಡ ಎನ್ನಲಿಲ್ಲ. ಮೊದಲು ಬಾಯಿ ತೊಳೆದುಕೊಂಡು ಬಾ ಎಂದರು. ಬಂದು ಕುಳಿತ ಮೇಲೆ ನಿಧಾನವಾಗಿ ಹೇಳಿದರು. ಕಾಶಿಗೆ ಹೋಗುವ ಕೆಲವು ತಿಂಗಳ ಮುಂಚೆಯೇ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿತ್ತಂತೆ. ಮಗನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ.

"ಯಾಕ ಹೇಳಲಿಲ್ರಿ?"

"ನಾಚಿಕಿ ಬಂತವಾ. ಹೋಳಿಗಿ ತಿಂದ ತಿಂದ ಕೆಟ್ಟಾಕಿ ಅಂತಾರ. ಗಂಡ ಸತ್ತಾಗೂ ತಿನ್ನೂದು ಬಿಟ್ಟಿದ್ದಿಲ್ಲ, ಈಗ ನೋಡು ಅಂತಾರ. ಅನ್ನಾವ್ರ ಬಾಯಿ ನಾ ಹಿಡ್ಯಾಕ ಆಕ್ಕೈತೇನು? ಕಾಶಿ ಅಂದ್ರ ಎಲ್ಲಾರೂ ಕೈ ಮುಗೀತಾರ."

"ಹಂಗಾರ ಅಲ್ಲಿ ಸಿಹಿ ಬಿಟ್ಟದ್ದು?"

"ಬಿಟ್ಟಿಲ್ಲ" ಎಂದರು. ಈಗ ಅವರ ದನಿ ಇನ್ನೂ ಸಣ್ಣಗಾಯಿತು. "ಹೊಳ್ಯಾಗ ನಿಂತಾಗ ಅಯ್ಯನವರು ಏನ ಬಿಡ್ತಿ ತಾಯಿ ಅಂದ್ರು. ಸಿಹಿ ಅಂತ ಬಾಯಿತನಕಾ ಬಂದಿತ್ತು. ಡಾಕ್ಟರ ಬಿಡಿಸಿದ್ದನ್ನ ದೇವರಿಗೆ ಬಿಟ್ಟೇನಿ ಅಂತ ಹೆಂಗ ಹೇಳ್ಲಿ? ಹಳಸಿದ ಅನ್ನಾ ಜಂಗಮಗ ನೀಡಿಧಂಗ ಆಕ್ಕೈತಿ. ಹೀರಿಕಾಯಿ ಬಿಟ್ಟೆ. ನನಗ ಹೀರಿಕಾಯಿ ಅಂದ್ರ ಜೀವಾ. ದೇವರ ಮುಂದ ಖರೇ ಹೇಳೇನಿ, ಮಂದಿ ಮುಂದ ಸುಳ್ಳ ಹೇಳೇನಿ. ಎಲ್ಲಿ ಯಾವ್ದು ಹೇಳಬೇಕೋ ಅದನ್ನ ಹೇಳೇನಿ."

ಎಲೆಗೆ ಸುಣ್ಣ ಹಚ್ಚುತ್ತ, "ಹೋಳಿಗಿ ಮಾತ್ರ ಕನಸಿನ್ಯಾಗ ಬರ್ತಾವ ನೋಡು. ಒಂದೊಂದ ದಿನಾ ಎದ್ದ ಮ್ಯಾಲೂ ಬಾಯಿ ಸಿಹಿ ಇರ್ತೈತಿ" ಎಂದು ನಕ್ಕರು. ಆ ಮಾತಿಗೆ ನನಗೆ ನಗು ಬರಲಿಲ್ಲ. ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡರು.

ಆಮೇಲೆ ನನ್ನ ದಾರಿ ಏನು ಎಂಬ ಪ್ರಶ್ನೆ ಬಂತು. ಕಾಶಿಗೆ ಹೋಗದವಳು ಕಾಶಿಯ ಹೆಸರು ಹೇಳುವಂತಿಲ್ಲ. ಅತ್ತೆ ಅಡಿಕೆ ಕತ್ತರಿಸುತ್ತ ಯೋಚಿಸಿ ಹೇಳಿದರು: "ನನ್ನ ಹೆಸರ ಹೇಳು. ನಮ್ಮ ಅತ್ತಿ ಹರಕಿ ಹೊತ್ತಾಳ, ಸೊಸಿ ಸಿಹಿ ಮುಟ್ಟಬಾರದು ಅಂತ ಕಟ್ಟ ಹಾಕ್ಯಾಳ ಅನ್ನು. ಅತ್ತಿ ಅಂದ್ರ ಯಾರೂ ಮುಂದ ಕೇಳೂದಿಲ್ಲ."

"ನಿಮಗ ಕೆಟ್ಟ ಹೆಸರ ಬರ್ತೈತಲ್ರೀ."

"ಅತ್ತೀಗೆ ಒಳ್ಳೇ ಹೆಸರ ಯಾವಾಗ ಇತ್ತು?"

ಆ ಉಪಾಯ ಎಷ್ಟು ಚೆನ್ನಾಗಿ ನಡೆಯಿತೆಂದರೆ ನನಗೇ ಹೆದರಿಕೆಯಾಯಿತು. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬ, ಯಾರದೋ ಮಗನ ನೌಕರಿ ಎಂದು ಪೇಢೆ ಬಂದಾಗ ನಾನು ತಲೆ ತಗ್ಗಿಸಿ, "ನಮ್ಮ ಅತ್ತಿ ಹರಕಿ ಐತ್ರಿ, ಬ್ಯಾಡಂದಾರ" ಎನ್ನುತ್ತಿದ್ದೆ. ಒತ್ತಾಯ ಅಲ್ಲಿಗೇ ನಿಲ್ಲುತ್ತಿತ್ತು, ಕನಿಕರ ಶುರುವಾಗುತ್ತಿತ್ತು. ಈ ಕಾಲದಾಗೂ ಇಂಥಾ ಅತ್ತ್ಯಾರು ಇರ್ತಾರ ನೋಡ್ರಿ, ಸೊಸಿ ಬಾಯಿಗೂ ಬೀಗ ಎನ್ನುತ್ತಿದ್ದರು. ದುಃಖಕ್ಕೆ ತಲೆ ತಗ್ಗಿಸಿದ್ದಾಳೆ ಎಂದು ಅವರು ತಿಳಿಯುತ್ತಿದ್ದರು. ನನಗೆ ನಾಚಿಕೆ ಎರಡು ಪಟ್ಟಾಗಿತ್ತು. ಒಂದು ರೋಗದ್ದು, ಇನ್ನೊಂದು ಅದನ್ನು ಮುಚ್ಚಲು ಮುದುಕಿಯೊಬ್ಬಳ ಹೆಸರು ಕೆಡಿಸುತ್ತಿರುವುದರದ್ದು.

ನಾದಿನಿಯ ಮನೆಯಲ್ಲಿ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಇದು ಜಗಳಕ್ಕೇ ಹೋಯಿತು. ನನ್ನ ಎಲೆಯಲ್ಲಿ ಸಿಹಿ ಇಲ್ಲದ್ದನ್ನು ಕಂಡು ನಾದಿನಿ ಎಲ್ಲರೆದುರು ತಾಯಿಯ ಮೇಲೆ ಏರಿಹೋದರು. "ಅವ್ವಾ, ನೀ ಬಿಟ್ಟಿ ಅಂದ್ರ ಅಕಿನ್ನೂ ಬಿಡಸ್ತೀಯೇನು? ಅಕಿ ಬಾಯಾಗಿನ ತುತ್ತ ಕಸ್ಗೊಂಡ ನಿನಗ ಯಾವ ಪುಣ್ಯಾ ಬರ್ತೈತಿ?"

ಪಂಕ್ತಿಯವರೆಲ್ಲ ಊಟ ನಿಲ್ಲಿಸಿ ನೋಡುತ್ತಿದ್ದರು. ಅತ್ತೆ ತಮ್ಮ ರೊಟ್ಟಿ ಮುರಿಯುತ್ತ, "ನನ್ನ ಸೊಸಿ, ನನ್ನ ಹರಕಿ. ನೀ ನಿನ್ನ ಸೊಸೀನ ನೋಡ್ಕೊ" ಎಂದರು. ಆ ಬಳಗದಲ್ಲಿ ಅಷ್ಟು ವರ್ಷ ಗಳಿಸಿದ್ದ ಮರ್ಯಾದೆ ಆ ಒಂದು ಊಟದಲ್ಲಿ ಅರ್ಧ ಹೋಯಿತು. ನಾನು ಬಾಯಿ ತೆರೆದಿದ್ದರೆ ಉಳಿಯುತ್ತಿತ್ತು. ಎಲೆಯ ಮೇಲಿನ ಅನ್ನವನ್ನು ನೋಡುತ್ತ ಕುಳಿತೆ. ಮರಳಿ ಬರುವಾಗ ದಾರಿಯುದ್ದಕ್ಕೂ ಅವರು ಆ ಮಾತನ್ನೇ ಎತ್ತಲಿಲ್ಲ. ಅಲ್ಲಿಯ ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂದರು.

ಮನೆಯೊಳಗೆ ಮಾತ್ರ ನಮ್ಮಿಬ್ಬರದು ಬೇರೆಯದೇ ಸಂಸಾರವಾಯಿತು. ಬೆಳಗಾಗುವ ಮುಂಚೆ ಹೂವಿನ ಬುಟ್ಟಿ ಹಿಡಿದು ಹೊರಡುತ್ತಿದ್ದೆವು. ನಡೆಯಲು ಹೊರಟಿದ್ದೇವೆ ಎಂದರೆ ಯಾಕೆ ಎಂದು ಕೇಳುತ್ತಾರೆ, ಪೂಜೆಯ ಹೂವಿಗೆ ಎಂದರೆ ಯಾರೂ ಕೇಳುವುದಿಲ್ಲ. ರಾಯಾಪುರದ ಓಣಿಗಳಲ್ಲಿ ಕಂಪೌಂಡಿನಾಚೆ ಬಾಗಿದ ದಾಸವಾಳ ಒಂದನ್ನೂ ನಾವು ಬಿಟ್ಟಿಲ್ಲ. ನಮ್ಮ ದೇವರಿಗೆ ಅಷ್ಟು ಹೂವು ಹಿಂದೆಂದೂ ಬಿದ್ದಿರಲಿಕ್ಕಿಲ್ಲ. ಬಂದ ಮೇಲೆ ಇಬ್ಬರಿಗೂ ಮೆಂತ್ಯದ ನೀರು. ಊಟದ ಹೊತ್ತಿಗೆ ಅವರು, "ಬಾ, ಅಡಿಕಿ ಹಾಕ್ಕೊಳ್ಳೂಣು" ಎಂದು ಕರೆದರೆ ಗುಳಿಗೆಯ ಹೊತ್ತಾಯಿತು ಎಂದು ತಿಳಿಯಬೇಕು. ಸಂಚಿ ಬಿಚ್ಚಿ ನನ್ನದನ್ನು ನನಗೆ ಕೊಟ್ಟು ತಮ್ಮದನ್ನು ತಾವು ನುಂಗುತ್ತಿದ್ದರು. ನಮ್ಮ ಯಜಮಾನರು ಒಮ್ಮೆ, "ನೀನೂ ಅಡಿಕಿ ಚಟಾ ಹಚ್ಕೊಂಡಿ ಏನ?" ಎಂದು ಬೇಸರಪಟ್ಟರು. ಅತ್ತೆ ಸಂಚಿಯ ಬಾಯಿ ಕಟ್ಟಿದರು.

ಬಿಸಿಲಿಗೆ ಕುಳಿತು ಅದೇ ಕನ್ನಡಿಯಲ್ಲಿ ನನ್ನ ಅಂಗಾಲನ್ನೂ ನೋಡುತ್ತಿದ್ದರು. ಅತ್ತೆಯ ತೊಡೆಯ ಮೇಲೆ ಕಾಲಿಡುವುದೇ ಎಂದು ನಾನು ಎಳೆದುಕೊಂಡರೆ ಹಿಮ್ಮಡಿ ಹಿಡಿದು ಜಗ್ಗುತ್ತಿದ್ದರು. ನಾನು ಮತ್ತೆ ಜಾರಿದ ದಿನಗಳೂ ಇದ್ದವು. ಬಸ್ಸಿನಲ್ಲಿ ಪೇಢೆ ತಿಂದು ಬಂದ ಸಂಜೆ ಮುಖ ನೋಡಿಯೇ ತಿಳಿಯುತ್ತಿದ್ದರೋ ಏನೋ, "ಬಸ್ಸಿನ್ಯಾಗ ತಿಂದದ್ದೂ ಹೊಟ್ಟೀಗೇ ಹೋಗ್ತೈತವಾ" ಎನ್ನುತ್ತಿದ್ದರು. ಬೈದದ್ದು ಅಷ್ಟೇ. ಮರುದಿನ ಒಂದು ಓಣಿ ಹೆಚ್ಚು ನಡೆಸುತ್ತಿದ್ದರು.

ಹಾಗೆ ನಡೆಯಲೆಂದೇ ಕೊಂಡ ಹೊಸ ಚಪ್ಪಲಿ ಅವರ ಕಿರುಬೆರಳನ್ನು ಕಚ್ಚಿತು. ಕಡಲೆಕಾಳಿನಷ್ಟಿದ್ದ ಗಾಯ ಮಾಯಲು ತಿಂಗಳುಗಟ್ಟಲೆ ಹಿಡಿಯಿತು. ಡಾಕ್ಟರು ಹೇಳಿದಂತೆ ದಿನಾಲು ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ. ಬಂದವರಿಗೆಲ್ಲ ಮುಳ್ಳು ಚುಚ್ಚಿದೆ ಎಂದು ಹೇಳಿದೆವು. ನಾದಿನಿಗೆ ಹೇಳಿಬಿಡೋಣ, ದೊಡ್ಡ ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋಗುತ್ತಾರೆ ಎಂದು ನಾನು ಒಂದು ದಿನ ಹಟ ಹಿಡಿದೆ. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. "ಮಗಳ ಮುಂದ ಸುಳ್ಳಿ ಆಗಿ ಬದುಕೂದು ಬ್ಯಾಡ ನನಗ. ಕಾಶಿ ಹೆಸರಿನ್ಯಾಗ ಸುಳ್ಳ ಹೇಳ್ಯಾಳ ಅಂತ ಗೊತ್ತಾದ್ರ ಅಕಿ ನನ್ನ ಮಾರಿ ನೋಡೂದಿಲ್ಲ" ಎಂದರು. ಅಷ್ಟು ಬಾಯಿಯ ಹೆಂಗಸಿನ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ. ರೋಗಕ್ಕಿಂತ ಆ ಸುಳ್ಳು ಅವರಿಗೆ ಭಾರವಾಗಿತ್ತು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಗಾಯ ಕೊನೆಗೂ ಮಾಯಿತು.

ಹೋದ ಚಳಿಗಾಲದ ಒಂದು ಬೆಳಗ್ಗೆ ನಾನು ಹೂವಿನ ಬುಟ್ಟಿ ಹಿಡಿದು ಅಂಗಳದಲ್ಲಿ ಕಾಯುತ್ತಿದ್ದೆ. ಅತ್ತೆ ಹೊರಗೆ ಬರಲಿಲ್ಲ. ಒಳಗೆ ಹೋಗಿ ಕರೆದೆ. ನಿದ್ದೆಯಲ್ಲೇ ಹೃದಯ ನಿಂತಿತ್ತು. ಸಂಚಿ ತಲೆದಿಂಬಿನ ಬಳಿ ಇತ್ತು. ಜನ ಬರುವ ಮುಂಚೆ ಅದರೊಳಗಿನ ಗುಳಿಗೆಗಳನ್ನು ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವರಿಗಾಗಿ ಮಾಡಿದೆನೋ ನನಗಾಗಿ ಮಾಡಿದೆನೋ ಈಗಲೂ ಗೊತ್ತಿಲ್ಲ.

ಹನ್ನೊಂದನೆಯ ದಿನ ಕಾರ್ಯ. ಬಳಗವೆಲ್ಲ ಕೂಡಿತ್ತು. ಫೋಟೋದ ಮುಂದೆ ಬಾಳೆ ಎಲೆ ಹಾಸಿ, ಹೋದವರಿಗೆ ಪ್ರೀತಿಯಾದದ್ದನ್ನೆಲ್ಲ ಎಡೆ ಇಡುವುದು ನಮ್ಮ ಪದ್ಧತಿ. ಬಂದವರ ಊಟಕ್ಕೆ ಶೇಂಗಾ ಹೋಳಿಗೆ ಆಗಿತ್ತು. ನಾನು ಎಡೆಗೆ ಎಂದು ಒಂದು ಹೋಳಿಗೆ ತಂದು ಬಗ್ಗಿದೆ. ಮಾವನವರ ಅಣ್ಣ, ನಾವು ದೊಡ್ಡ ಮಾವ ಎನ್ನುವವರು, ಕೈ ಅಡ್ಡ ಹಿಡಿದರು.

"ಕಾಶ್ಯಾಗ ಬಿಟ್ಟದ್ದು ಸತ್ತ ಮ್ಯಾಲೂ ಬಿಟ್ಟಧಂಗ. ಎಡಿಗೆ ಸಿಹಿ ಬ್ಯಾಡವಾ. ಆಕಿ ವ್ರತಾ ಕೆಡಸಬ್ಯಾಡ."

ಎಲ್ಲರೂ ಹೌದು ಹೌದು ಎಂದರು. ಅಷ್ಟರಲ್ಲಿ ನಾದಿನಿ ಅಡುಗೆಮನೆಯಿಂದ ಬಟ್ಟಲು ಹಿಡಿದು ಬಂದರು. ಬೆಳಗ್ಗಿನಿಂದ ಯಾರನ್ನೂ ಒಲೆಯ ಹತ್ತಿರ ಬಿಡದೆ ತಾವೇ ಮಾಡಿದ್ದು. ಹೀರೇಕಾಯಿ ಪಲ್ಯ, ಮೇಲೆ ಗುರೆಳ್ಳು ಪುಡಿ. "ಅವ್ವ ಕಲಿಸಿದ್ದು. ವಾತ ಅಂತ ಬಾಯಾಗ ಹಾಕ್ಕೊಳ್ಳಲಿಲ್ಲ ಪಾಪ. ಇನ್ನರ ತಿನ್ಲಿ" ಎಂದು ಎಲೆಯ ನಡುವೆ ಬಡಿಸಿದರು. ಅವರ ಕಣ್ಣೀರು ಬಟ್ಟಲಿಗೇ ಬೀಳುತ್ತಿತ್ತು.

ನಾನು ಕೈಯಲ್ಲಿ ಹೋಳಿಗೆ ಹಿಡಿದು ನಿಂತೇ ಇದ್ದೆ. ದೇವರಿಗೆಂದು ನಿಜವಾಗಿ ಬಿಟ್ಟದ್ದು ಅವರ ಎಲೆಯ ಮೇಲಿತ್ತು. ಕನಸಿನಲ್ಲಿ ಬರುತ್ತಿದ್ದದ್ದು ನನ್ನ ಕೈಯಲ್ಲಿತ್ತು. ಆ ಮನೆಯಲ್ಲಿ ಅಂದು ಎಲ್ಲರೂ ಹೋಳಿಗೆ ಉಣ್ಣುವವರಿದ್ದರು, ಅತ್ತೆಯನ್ನೂ ನನ್ನನ್ನೂ ಬಿಟ್ಟು. ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದು ನಾನು ಕೊಟ್ಟ ಮಾತೂ ನೆನಪಿತ್ತು. ಬಾಯಿ ಬಿಟ್ಟರೆ ಅವರ ಮಾನ, ನನ್ನ ಮಾನ ಎರಡೂ ಹೋಗುತ್ತವೆ. ಬಿಡದಿದ್ದರೆ ಸತ್ತವರ ಬಾಯಿಗೆ ಅವರ ಆಣೆಯನ್ನೇ ಮುರಿದು ಇಟ್ಟ ಹಾಗಾಗುತ್ತದೆ.

"ಅವರು ಸಿಹಿ ಬಿಟ್ಟಿದ್ದಿಲ್ರಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಕಾಶ್ಯಾಗ ಹೀರಿಕಾಯಿ ಬಿಟ್ಟಿದ್ರು. ಪಲ್ಯಾ ತಗೀರಿ ಅಕ್ಕಾರ."

ನಾದಿನಿ ಬಟ್ಟಲು ಹಿಡಿದೇ ನನ್ನ ಕಡೆ ನೋಡಿದರು. ದೊಡ್ಡ ಮಾವ ಕೇಳಿದರು: "ಮತ್ತ ಸಿಹಿ ಯಾಕ ತಿಂತಿದ್ದಿಲ್ಲ?"

"ಅವರಿಗೆ ಶುಗರ್ ಇತ್ರಿ."

ನಮ್ಮ ಯಜಮಾನರು ಗೋಡೆ ಹಿಡಿದು ಕುಳಿತರು. ತಾಯಿಯ ವಿಷಯ ಅವರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನದನ್ನು ಒಳಗಿಟ್ಟುಕೊಂಡು ಸತ್ತವರದನ್ನಷ್ಟೇ ಹೊರಗೆ ಹಾಕುವುದು ನನಗೆ ಆಗಲಿಲ್ಲ.

"ನನಗೂ ಐತಿ" ಎಂದೆ. "ಸೊಸೀಗೆ ಸಿಹಿ ತಿನ್ನಗೊಡಂಗಿಲ್ಲ ಅಂತ ನೀವೆಲ್ಲಾ ಅವರನ್ನ ಬೈತಿದ್ರಿ. ಅವರು ಯಾವ ಹರಕೀನೂ ಹೊತ್ತಿದ್ದಿಲ್ಲ. ನನಗ ಹೇಳ್ಕೊಳ್ಳಾಕ ನಾಚಿಕಿ ಆಗತಿತ್ತು. ಅದಕ್ಕ ಆ ಮಾತ ಅವರು ತಮ್ಮ ಮ್ಯಾಲೆ ಹಾಕ್ಕೊಂಡಿದ್ರು."

ಮುಖ ಕಿವಿಯತನಕ ಸುಡುತ್ತಿತ್ತು. ಮಗಳು ಬಾಗಿಲಲ್ಲಿ ನಿಂತಿದ್ದಳು, ಅವಳ ಕಡೆ ನೋಡಲಾಗಲಿಲ್ಲ. ಹಿಂದೆ ಯಾರೋ ಅಯ್ಯ ಪಾಪ ಎಂದರು, ಇನ್ನಾರೋ ಗುಸುಗುಸು ಎಂದರು. ನಾದಿನಿ ನಿಂತಲ್ಲೇ ಕುಳಿತುಬಿಟ್ಟರು. "ವರ್ಷಾ ಪಂಚಮಿಗೆ ಉಂಡಿ ತಂದು ಅವ್ವನ ಮುಂದ ಇಡತಿದ್ನೆಲ್ಲ ನಾ" ಎಂದರು. ನನ್ನ ಕಡೆ ತಿರುಗಿ, "ಮಗಳಿಗೆ ಹೇಳಲಾರದ್ದು ಸೊಸೀಗೆ ಹೇಳಿದ್ಲೇನು?" ಎಂದು ಕೇಳಿದರು. ಸಿಟ್ಟಿತ್ತು, ಸಂಕಟವೂ ಇತ್ತು.

ಆಮೇಲೆ ಅವರು ಎದ್ದರು. ಎಲೆಯ ಮೇಲಿನ ಪಲ್ಯವನ್ನು ಬೆರಳಿನಿಂದ ಬಳಿದು ಬಟ್ಟಲಿಗೆ ತೆಗೆದು, ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಒಳಗಿನಿಂದ ಇನ್ನೊಂದು ಹೋಳಿಗೆ, ತುಪ್ಪದ ಬಟ್ಟಲು ತಂದರು. ನನ್ನ ಕೈಯಲ್ಲಿದ್ದದ್ದನ್ನು ತೆಗೆದುಕೊಂಡು ಎಲೆಗೆ ಇಟ್ಟರು. ಎರಡನೆಯದನ್ನು ಇಡಲು ಹೋದವರು ತಡೆದು, ನನ್ನ ಮುಖ ನೋಡಿದರು.

"ಎರಡ ಇಟ್ಟರ ನಡೀತೈತೇನ?"

ಯಾರೂ ನಗಲಿಲ್ಲ.

"ನಡೀತೈತ್ರಿ ಅಕ್ಕಾರ" ಎಂದೆ. "ತುಪ್ಪಾನೂ ಹಾಕ್ರಿ."

ಹೆಂಗಸರ ಪಂಕ್ತಿ ಕೂಡುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ನಾನು ಒಂದು ಮೂಲೆಯಲ್ಲಿ ಕುಳಿತೆ. ಹೋಳಿಗೆಯ ಬುಟ್ಟಿ ಹಿಡಿದು ಬಂದವಳು ನಾದಿನಿಯ ಸೊಸೆ. ಕೂಸಿಗೆ ಹಾಲು ಕೊಡುತ್ತ ಮಾಳಿಗೆಯಲ್ಲಿದ್ದವಳು, ಕೆಳಗೆ ನಡೆದ ಯಾವ ಮಾತೂ ಅವಳಿಗೆ ಗೊತ್ತಿರಲಿಲ್ಲ. ನನ್ನ ಮುಂದೆ ಬಗ್ಗಿ, ಬಹಳ ಪ್ರೀತಿಯಿಂದ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು: "ಇವತ್ತರ ತಿನ್ರಿ. ಬ್ಯಾಡ ಅನ್ನಾಕ ಈಗ ನಿಮ್ಮ ಅತ್ತಿ ಇಲ್ಲ."

ನನ್ನ ಎಡಗೈ ಎಲೆಯ ಮೇಲೆ ಬೋರಲಾಯಿತು. "ಅತ್ತಿ ಬ್ಯಾಡ ಅಂದಿದ್ದಲ್ಲವಾ" ಎಂದೆ, "ನನಗ ಶುಗರ್ ಐತಿ." ಅಕ್ಕಪಕ್ಕದ ಎಲೆಯವರು ತಿರುಗಿ ನೋಡಿದರು. ಅವಳು ಬುಟ್ಟಿ ಎತ್ತಿಕೊಂಡು ಮುಂದಿನ ಎಲೆಗೆ ಹೋದಳು. ನಾನು ಕೈ ತೆಗೆಯಲಿಲ್ಲ.